ಬರದಾಗ ಹೋದ ಮುರಗೆಪ್ಪನ ಮನೆತನ

ನಮ್ಮ ಕಡೆ ಹೊಸಬರು ಮನೆಗೆ ಬಂದರೆ ಮೊದಲು ನೀರು ಕೊಡುತ್ತಾರೆ, ಆಮೇಲೆ ಊರು ಕೇಳುತ್ತಾರೆ, ಅದರ ಹಿಂದೆಯೇ ಮನೆತನ ಕೇಳುತ್ತಾರೆ. ಮನೆತನ ಒಂದು ಹೇಳಿದರೆ ಸಾಕು, ನಿಮ್ಮ ಸೋದರತ್ತೆಯನ್ನು ಯಾವ ಊರಿಗೆ ಕೊಟ್ಟಿದ್ದಾರೆ, ನಿಮ್ಮ ಕಾಕಾ ಯಾರ ಕೂಡ ಜಗಳಾಡಿ ಮಾತು ಬಿಟ್ಟಿದ್ದಾನೆ ಎಂಬುದನ್ನೆಲ್ಲ ಅವರೇ ನಿಮಗೆ ತಿಳಿಸಿಕೊಡುತ್ತಾರೆ. ಹೇಳಲು ಬರದಿದ್ದರೆ ಮಾತ್ರ ಕಷ್ಟ. ನಮ್ಮ ಪಕ್ಕದ ಮನೆಯ ಸುವರ್ಣಾ ಸಿಸ್ಟರ್ ಅರವತ್ತು ದಾಟುವವರೆಗೂ ಆ ಕಷ್ಟದಲ್ಲೇ ಇದ್ದಳು.

ಅವಳ ಪೂರ್ತಿ ಹೆಸರು ಸುವರ್ಣಾ ದಾನಪ್ಪ ಹುನ್ನೂರ. ಹುನ್ನೂರೆಂದರೆ ನಮ್ಮ ಜಮಖಂಡಿಗೆ ಮಗ್ಗುಲಲ್ಲೇ ಇರುವ ಊರು, ಬಸ್ಸಿನಲ್ಲಿ ಕೂತು ಟಿಕೇಟು ತೆಗೆಸುವುದರೊಳಗೆ ಬಂದುಬಿಡುತ್ತದೆ. ಆದರೆ ಆ ಊರಿನ ಒಂದು ಮನೆಯವರಿಗೂ ಇವಳು ಯಾರೆಂದು ಗೊತ್ತಿರಲಿಲ್ಲ, ಇವಳಿಗೂ ಅಲ್ಲಿ ಒಂದು ಬಾಗಿಲು ಗೊತ್ತಿರಲಿಲ್ಲ. ಅಪ್ಪ ದಾನಪ್ಪ ಬನಹಟ್ಟಿಯಲ್ಲಿ ಸೀರೆ ನೇಯುತ್ತಿದ್ದವನು. ಮೂರು ತಲೆಮಾರಿನಿಂದ ಚರ್ಚಿಗೆ ಹೋಗುವ ಮಂದಿ. ಅದಕ್ಕೂ ಹಿಂದೆ ಏನು ಎಂದರೆ, ದೊಡ್ಡ ಬರಗಾಲದಲ್ಲಿ ದಿಕ್ಕಿಲ್ಲದ ಒಂದು ಕೂಸನ್ನು ಮಿಶನ್ನಿನವರು ಸಾಕಿದರು, ಆ ಕೂಸೇ ದಾನಪ್ಪನ ಮುತ್ಯಾ, ಅಂದರೆ ಅಪ್ಪನ ಅಪ್ಪ. ಅಷ್ಟೇ ಕತೆ. ಅದರಾಚೆ ಗೋಡೆ.

ನಾನು ಮಧುಮತಿ, ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡಿ ರಿಟೈರ್ ಆದವಳು. ನನ್ನ ಬಾಯಿ ಜೋರು ಎಂದು ಓಣಿಯಲ್ಲಿ ಹೆಸರಿದೆ, ಸುಳ್ಳೇನಲ್ಲ. ಸುವರ್ಣಾ ನನಗೆ ತದ್ವಿರುದ್ಧ. ಬೀಳಗಿ, ಮುಧೋಳ, ರಬಕವಿ ಎಂದು ಸರಕಾರಿ ದವಾಖಾನೆಗಳಲ್ಲಿ ನರ್ಸಾಗಿ ತಿರುಗಿದಳು. ಮೈಮುರಿದು ದುಡಿದಳು. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸನ್ನು ಹಾಗೇ ದಾಟಿಬಿಟ್ಟಳು. ಹೆರಿಗೆಗೆ ಬಂದ ಹೆಣ್ಣುಮಕ್ಕಳು ನೋವಿನಲ್ಲಿ ಇವಳ ಕೈ ಹಿಡಿದು "ಯವ್ವಾ, ಯವ್ವಾ" ಎಂದು ಒದರುತ್ತಿದ್ದರು. ಕೂಸು ಹುಟ್ಟಿ, ಮೈ ಒರೆಸಿ, ಅಜ್ಜಿಯ ಉಡಿಗೆ ಹಾಕಿದ ಮೇಲೆ ಅದೇ ಅಜ್ಜಿ ಕೇಳುತ್ತಿದ್ದಳು: "ಭಾಳ ಛಲೋ ಮಾಡಿದಿ ತಂಗಿ. ಯಾ ಮನಿತನ ನಿಮ್ದು?" ಸುವರ್ಣಾ ನಕ್ಕು, ಕೈ ತೊಳೆಯುವ ನೆವದಲ್ಲಿ ನಲ್ಲಿಯ ಕಡೆ ಹೋಗುತ್ತಿದ್ದಳಂತೆ. ಇದನ್ನು ಅವಳು ನನಗೆ ನಗುತ್ತಲೇ ಹೇಳಿದಳು.

ದಾನಪ್ಪ ಸಾಯುವ ಮುಂದೆ ಹಟ ಹಿಡಿದ. "ನನ್ನ ಊರಿಗೆ ಒಯ್ಯವ್ವ" ಎಂದು ಒಂದೇ ಸಮ.

"ಯಾ ಊರಿಗಪ್ಪಾ?"

"ಹುನ್ನೂರಿಗೆ."

"ಹುನ್ನೂರಾಗ ಯಾರ ಮನಿಗಪ್ಪಾ?"

ಮುದುಕ ಬಾಯಿ ತೆರೆದ, ಮುಚ್ಚಿದ. ಮಗಳ ಮುಖವನ್ನೇ ನೋಡಿದ. ಅವನನ್ನು ಮಣ್ಣು ಮಾಡಿ ಬಂದ ಮೇಲೂ ಆ ತೆರೆದ ಬಾಯಿ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ. ಪೆನ್ಶನ್ ಬಂದ ವರ್ಷ ನನ್ನ ಕಟ್ಟೆಗೆ ಬಂದು ಕೂತು, "ಅಕ್ಕೋರ, ನಮ್ಮ ಮುತ್ಯಾನ ಅಪ್ಪ ಯಾರ ಮನಿಯಾಂವ ಅಂತ ಹುಡುಕಬೇಕ್ರಿ. ಆ ಮನ್ಯಾಗ ಅವನ ಹೆಸರು ಒಮ್ಮಿ ಅನ್ನಸಬೇಕು. ಅಷ್ಟ ನನಗ ಬೇಕಾದ್ದು" ಎಂದಳು.

"ಸತ್ತು ಮಣ್ಣಾದೋರ ಹೆಸರು ತಗೊಂಡು ಏನ್ ಮಾಡ್ತಿ ಸಿಸ್ಟರ್?" ಎಂದೆ ನಾನು.

"ನಿಮ್ಮ ಮನಿಗೆ ಹೆಳವ ಬಂದಾಗ ನೀವ್ಯಾಕ ಅತ್ತಿರಿ ಮತ್ತ?"

ನನ್ನ ತವರು ಬೀಳಗಿ ಕಡೆಯ ಹಳ್ಳಿ, ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ಹೆಳವರೆಂದರೆ ನಮ್ಮ ಮನೆತನಗಳ ಹಿರಿಯರ ಹೆಸರುಗಳನ್ನು ತಲೆಮಾರುಗಳಿಂದ ಬಾಯಲ್ಲಿಟ್ಟುಕೊಂಡು ಬಂದವರು. ಸುಗ್ಗಿಯ ನಂತರ ಮನೆಗೆ ಬಂದು ಒಬ್ಬೊಬ್ಬರನ್ನೇ ಹೇಳಿ, ಕಾಳುಕಡಿ ಪಡೆದು ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಗೂಡ್ಸ್ ಗಾಡಿಯಲ್ಲಿ ಬರುತ್ತಾರೆ. ನಮ್ಮ ಹೆಳವರ ಹಾಲೇಶ ಆ ವರ್ಷ ಬಂದು, ನೀರಿನಡಿಗೆ ಹೋದ ನನ್ನೂರಿನ ಹೆಸರು ಹೇಳಿ ನಮ್ಮ ಮುತ್ಯಾನ ಹೆಸರು ಹೇಳಿದಾಗ ನಾನು ಹೋ ಎಂದು ಅತ್ತದ್ದು ಖರೆ. ಗೋಡೆಯಾಚೆ ಇವಳಿಗೆ ಕೇಳಿಸಿತ್ತೆಂದು ನನಗೆ ಗೊತ್ತಿರಲಿಲ್ಲ.

ಹೀಗೆ ನಮ್ಮಿಬ್ಬರ ತಿರುಗಾಟ ಶುರುವಾಯಿತು. ಮೊದಲು ಒಂದು ಕಚೇರಿ. ಯಾವುದೆಂದು ಹೇಳುವುದಿಲ್ಲ, ನನ್ನ ಪೆನ್ಶನ್ನಿಗೆ ಮುಂದೆ ಅಲ್ಲಿಯೇ ಹೋಗಬೇಕು. ದಾನಪ್ಪನ ಅಪ್ಪನ ಮರಣದ ದಾಖಲೆ ಕೇಳಿದರೆ ಅಲ್ಲಿದ್ದ ಕ್ಲಾರ್ಕ್, "ಅಷ್ಟ್ ಹಳೇದು ಇರಂಗಿಲ್ರಿ, ಗೆದ್ದಲ ತಿಂದಾವು" ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಬಂದ ಮಾತಲ್ಲ. ನಾನು ಅವನ ಮೇಜಿನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. "ನೀ ಎಲ್ಲಿ ಸಾಲಿ ಕಲ್ತಿಪ್ಪಾ? ಯಾವ ಮಾಸ್ತರ ಕೈಯಾಗ?" ಎಂದು ಶುರುಮಾಡಿದೆ. ಮಧ್ಯಾಹ್ನದ ಚಹಾ ಬರುವ ಹೊತ್ತಿಗೆ ಗೆದ್ದಲು ತಿನ್ನದ ದಾಖಲೆ ಸಿಕ್ಕಿತು. ಅದರಲ್ಲಿ ಸತ್ತವನ ಹೆಸರು ಸತ್ಯಪ್ಪ, ಅಪ್ಪನ ಹೆಸರು, ಅಂದರೆ ಮಿಶನ್ನಿನವರು ಸಾಕಿದ ಆ ಕೂಸಿನ ಹೆಸರು, ಯೋಹಾನ, ಮೂಲ ಊರು ಹುನ್ನೂರ ಎಂದಿತ್ತು. ಮನೆತನದ ಜಾಗದಲ್ಲಿ ಒಂದು ಗೀಟು.

ಬರಗಾಲದ ಮಕ್ಕಳಿಗೆ ಮಿಶನ್ನಿನವರು ದೀಕ್ಷಾಸ್ನಾನ ಕೊಟ್ಟದ್ದು ಬಾಗಲಕೋಟೆಯಾಚೆಯ ಒಂದು ಊರಿನ ಹಳೇ ಚರ್ಚಿನಲ್ಲಿ. ಅಲ್ಲಿಗೂ ಹೋದೆವು. ಪಾದ್ರಿಗಳು ಒಳ್ಳೆಯವರು, ಕಪಾಟು ತೆಗೆದು ಬರಗಾಲದ ಕಾಲದ ಮಕ್ಕಳ ಪುಸ್ತಕವನ್ನು ಬಟ್ಟೆಯ ಮೇಲಿಟ್ಟು ಕೊಟ್ಟರು. ಹಾಳೆ ತಿರುವಿದಂತೆ ಸಾಲುಸಾಲು ಮಕ್ಕಳು. ಬಹಳಷ್ಟು ಹೆಸರುಗಳ ಮುಂದೆ ಕೆಲವೇ ದಿನಗಳ ನಂತರದ ಸಾವು. ನನಗೆ ಓದಲಾಗಲಿಲ್ಲ, ಹೊರಗೆ ಬೇವಿನ ಗಿಡದ ಬುಡಕ್ಕೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಸುವರ್ಣಾ ಕರೆದಳು. ಅವಳ ಬೆರಳು ಒಂದು ಸಾಲಿನ ಮೇಲಿತ್ತು. ಕನ್ನಡದಲ್ಲೇ ಬರೆದಿದ್ದರು: ಹುನ್ನೂರ ಬಾವಿಮನಿ ದುಂಡಪ್ಪನ ಕಿರಿಮಗ ಮುರಗೆಪ್ಪ, ವಯಸ್ಸು ಅಂದಾಜು ಐದು, ಹೊಸ ಹೆಸರು ಯೋಹಾನ. ಕೂಸನ್ನು ತಂದವರು ಯಾರು ಎಂಬ ಕಡೆ, 'ತಂದೆಯೇ ತಂದು ಬಿಟ್ಟು ಹೋದನು' ಎಂದಿತ್ತು. ಕೆಳಗೆ ಹೆಬ್ಬೆಟ್ಟು.

ಮನೆ ಸಿಕ್ಕಿತೆಂದು ನನಗೆ ಖುಷಿ. "ಬಾವಿಮನಿಯವ್ರು ನನಗ ಗೊತ್ತಲೇ! ದೊಡ್ಡ ಮನಿತನ" ಎಂದೆ. ಸುವರ್ಣಾ ಆ ಹೆಬ್ಬೆಟ್ಟಿನಿಂದ ಕಣ್ಣು ತೆಗೆಯಲಿಲ್ಲ.

"ಅನಾಥ ಅಂದ್ರ ಅವ್ವ ಅಪ್ಪ ಸತ್ತಾರಂತ ತಿಳ್ಕೊಂಡಿದ್ನಿ ಅಕ್ಕೋರ. ಅಪ್ಪ ಇದ್ದಾಗ ಅನಾಥ ಆದನಾ ಅವ?"

ಬರುವಾಗ ಬಸ್ಸು ಲೋಕಾಪುರ ದಾಟಿತು. ಆಮೇಲೆ ಒಮ್ಮೆಲೇ ಸಿಟ್ಟಿಗೆದ್ದು, "ದೊಡ್ಡ ಮಗನ್ನ ಇಟ್ಕೊಂಡು ಸಣ್ಣಾಂವನ್ನ ಬಿಟ್ಟಾನಲ್ರಿ!" ಎಂದು ನನ್ನ ಮೇಲೆ ರೇಗಿದಳು, ನಾನೇ ಬಿಟ್ಟುಬಂದವಳು ಅನ್ನುವಂತೆ. ಹುಡುಕುವುದು ಸಾಕೆಂದು ಬಿಟ್ಟುಬಿಡುತ್ತಾಳೆ ಎಂದುಕೊಂಡೆ. ಮರುದಿನ ಮುಂಜಾನೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಡೀರಿ ಹುನ್ನೂರಿಗೆ" ಎಂದಳು.

ಬಾವಿಮನಿಯ ಈಗಿನ ಯಜಮಾನ ಶಿದ್ರಾಮಪ್ಪ. ಎಪ್ಪತ್ತು ದಾಟಿದ, ಕಬ್ಬು ಗೋವಿನಜೋಳ ಬೆಳೆಯುವ, ಊರಲ್ಲಿ ನಾಲ್ಕು ಮಂದಿ ಮಾತು ಕೇಳುವ ಮನುಷ್ಯ. ಅವನ ತಾಯಿ ಶಂಕ್ರೆವ್ವ ತೊಂಬತ್ತರ ಹತ್ತಿರದವಳು, ಕಿವಿ ಚುರುಕು, ಕಣ್ಣು ಮಬ್ಬು. ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಟ್ಟರು. ನಾನು ಪರಿಚಯ ಹೇಳಿದೆ. ನನ್ನ ಮನೆತನ ಕೇಳಿ ತಿಳಿದುಕೊಂಡು ಸಮಾಧಾನಪಟ್ಟರು. ಸುವರ್ಣಾಳ ಕಡೆ ತಿರುಗುವುದರೊಳಗೆ ಅವಳೇ ಕೇಳಿದಳು: "ಯವ್ವಾ, ದೊಡ್ಡ ಬರದ ಕಾಲಕ್ಕ ಈ ಮನ್ಯಾಗ ಮುರಗೆಪ್ಪ ಅಂತ ಒಂದು ಕೂಸ ಇತ್ತೇನ್ರಿ?"

"ಇತ್ತಲ್ಲವ್ವ!" ಎಂದಳು ಶಂಕ್ರೆವ್ವ. "ಹಸದು ಸತ್ತ ಕೂಸು ಅದು. ಅಪ್ಪ ಹೆಗಲಮ್ಯಾಲ ಹೊತ್ಕೊಂಡು ಅನ್ನ ಹುಡಿಕ್ಕೊಂಡು ಹೊಂಟನಂತ. ದಾರ್ಯಾಗ ಜೀವ ಹೋತು, ಅಲ್ಲೇ ಮಣ್ಣು ಮಾಡಿ ಬಂದ. ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಹಿರಿಯರ ಅಮಾಸಿಗೆ ಅವಂಗೊಂದು ಬ್ಯಾರೆ ಎಡಿ ಇಡ್ತೀನಿ. ಕೂಸಿನ ಎಡಿ ಅಂತೀವಿ. ನುಚ್ಚು, ಹಾಲು, ಒಂದಿಷ್ಟು ಬೆಲ್ಲ. ಹಸದು ಹೋದ ಜೀವ ನೋಡು."

ಸುವರ್ಣಾ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟಳು.

"ಸತ್ತಿಲ್ರಿ ಅವ. ಬದುಕಿದ. ಮಿಶನ್ನಿನವರು ಸಾಕಿದ್ರು, ಮದುವಿ ಆತು, ಮಕ್ಕಳಾದ್ವು. ನಾ ಅವನ ಮೊಮ್ಮಗನ ಮಗಳು."

ಅವಳು ಮೊಬೈಲು ತೆಗೆದು, ಚರ್ಚಿನಲ್ಲಿ ತೆಗೆದುಕೊಂಡಿದ್ದ ಆ ಹಾಳೆಯ ಫೋಟೋವನ್ನು ಶಿದ್ರಾಮಪ್ಪನಿಗೆ ಕೊಟ್ಟಳು. ಅವನು ಚಷ್ಮಾ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಹೆಬ್ಬೆಟ್ಟಿನ ಹತ್ತಿರ ಬಂದಾಗ ಅವನ ಮುಖ ಕಪ್ಪಿಟ್ಟಿತು. ಆದರೆ ಶಂಕ್ರೆವ್ವ ಕುಳಿತಲ್ಲಿಂದಲೇ ಸರಿದು ಸರಿದು ಬಂದು ಸುವರ್ಣಾಳ ಮುಖವನ್ನು ಕೈಯಿಂದ ತಡವಿದಳು.

"ಉಂಡನಾ ಅವ? ಅಲ್ಲಿ ಹೊಟ್ಟಿತುಂಬ ಉಂಡನಾ?"

"ಉಂಡ್ರಿ ಯವ್ವಾ. ಭಾಳ ದಿನ ಬಾಳಿದ."

"ಅಯ್ಯ ನನ್ನ ಶಿವನ!" ಎಂದು ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ನನಗೇನು, ಅಳಲು ಕಾರಣ ಬೇಕಾಗಿಲ್ಲ.

ಶಿದ್ರಾಮಪ್ಪ ಅಳಲಿಲ್ಲ. ಮೊಬೈಲನ್ನು ಜಮಖಾನೆಯ ಮೇಲಿಟ್ಟು, "ಈಗ್ಯಾಕ ಬಂದೀರಿ?" ಎಂದ. "ಇಷ್ಟು ವರ್ಷ ಇಲ್ಲದ್ದು? ಹೊಲದ ಧಾರಣಿ ಏರೇತಂತನೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ ಯಜಮಾನ್ರ, ಹೊಲದ ಸುದ್ದಿ ತಗದೋರು ಯಾರಿಲ್ಲಿ?" ಎಂದು ಏರುದನಿಯಲ್ಲಿ ಶುರುಮಾಡಿದವಳ ತೊಡೆಯನ್ನು ಸುವರ್ಣಾ ಒತ್ತಿ ಹಿಡಿದಳು.

"ನನಗ ಹೊಲ ಬ್ಯಾಡಣ್ಣ" ಎಂದಳು. "ನಿಮ್ಮ ಮನಿಗೆ ಹೆಳವರು ಬರ್ತಾರಲ್ಲ. ಅವರ ಬಾಯಾಗ ಮುರಗೆಪ್ಪ ಸತ್ತ ಅಂತ ಐತಿ. ಬದುಕಿದ ಅಂತ ಒಮ್ಮಿ ಹೇಳಸ್ರಿ. ನಮ್ಮಪ್ಪ ಸಾಯೋ ಮುಂದ ಯಾರ ಮನಿಯಾಂವ ಅಂತ ಹೇಳಾಕ ಬರದ ಸತ್ತ. ನನಗಾರ ಗೊತ್ತಾಗಲಿ."

"ವಿಚಾರ ಮಾಡಿ ಹೇಳ್ತೀನಿ" ಎಂದು ಅವನು ಎದ್ದ. ನಾವೂ ಎದ್ದೆವು.

ಬಾವಿಮನಿಗೆ ಹೋಗುವ ಹೆಳವನೂ ನಮ್ಮ ಹಾಲೇಶನೇ. ಫೋನು ಮಾಡಿ ಎಲ್ಲ ಹೇಳಿದೆ. ಅವನಿಗೂ ಆಶ್ಚರ್ಯವಾಯಿತು, ಆದರೆ ಬಗ್ಗಲಿಲ್ಲ. "ಪುಸ್ತಕದ ಫೋಟೋ ಇದ್ರ ನಂಗೇನ್ರಿ ಅಕ್ಕೋರ? ಆ ಮನಿ ಪದ್ಧತಿ ಬ್ಯಾರೆ ಐತಿ. ನಾ ಒಂದೊಂದು ಹೆಸರು ಹೇಳಿದಾಗ ಮನಿಯವರು 'ಹೌದು' ಅನ್ನಬೇಕು. ಹೌದು ಅಂದ್ರ ಮುಂದಿನ ಹೆಸರು. ಮನಿಯವರು ಹೌದು ಅನ್ನದ ಹೆಸರ ಬೆನ್ನ ಹತ್ತಿ ನಾವು ಹೋಗಂಗಿಲ್ಲ. ಇಲ್ಲಂದ್ರ ದಾರ್ಯಾಗ ಹೋಗೋರೆಲ್ಲ ಬಂದು ವಂಶದ ಬಳ್ಳಿಗೆ ತಮ್ಮ ಹೆಸರು ಕಟ್ಟಸ್ತಾರ" ಎಂದ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ.

ಹಿಂಗಾರಿ ಜೋಳ ಕಟಾವಿಗೆ ಬಂದ ಹೊತ್ತಿಗೆ ಶಿದ್ರಾಮಪ್ಪನಿಂದ ಸುದ್ದಿ ಬಂತು. ಸುವರ್ಣಾ ಮೊದಲು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡಬೇಕು, ಆಮೇಲೆ ಅವನು ಹಾಲೇಶನನ್ನು ಕರೆಸುತ್ತಾನೆ. ನಾನು ಕೆರಳಿ ಕೆಂಡವಾದೆ. ಒಂದೂವರೆ ಶತಮಾನದ ಹಿಂದಿನ ಮಾತಿಗೆ ಕಾನೂನಿನಲ್ಲಿ ಯಾವ ಹಕ್ಕೂ ಇರಲಿಕ್ಕಿಲ್ಲ, ಇಲ್ಲದ್ದನ್ನು ಬಿಡು ಎಂದು ಕೇಳುವುದು ಮುಖಕ್ಕೆ ಉಗುಳಿದಂತೆ, ಸಹಿ ಹಾಕಬೇಡ ಎಂದೆ. ಸುವರ್ಣಾ ಕೇಳಲಿಲ್ಲ. "ಅವರಿಗೆ ಅಂಜಿಕಿ ಅಕ್ಕೋರ. ಅಂಜಿಕಿ ಹೋಗಲಿ" ಎಂದಳು. ಇಂಥ ಒಳ್ಳೆಯತನ ಕಂಡರೆ ನನಗೆ ಸಿಟ್ಟು ಬರುತ್ತದೆ.

ಜಮಖಂಡಿಯ ಕೋರ್ಟಿನ ಹೊರಗೆ ಗಿಡದ ನೆರಳಿನಲ್ಲಿ ಒಬ್ಬ ಬಾಂಡ್ ರೈಟರ್ ಮುಂದೆ ಕೂತೆವು. ಶಿದ್ರಾಮಪ್ಪ ಬಿಳಿ ಟೊಪಿಗೆ ಸರಿಮಾಡಿಕೊಳ್ಳುತ್ತ ದೂರ ನಿಂತಿದ್ದ. ಬಾಂಡ್ ರೈಟರ್ ಸರ್ವೇ ನಂಬರು ಬರೆದುಕೊಂಡ, ಇವಳ ಹೆಸರು ಬರೆದುಕೊಂಡ, ಆಮೇಲೆ ಕತ್ತೆತ್ತಿ, "ನಿಮಗ ಇವರು ಏನಾಗಬೇಕ್ರಿ?" ಎಂದು ಶಿದ್ರಾಮಪ್ಪನನ್ನು ಕೇಳಿದ.

"ಅದೇನೂ ಬರೀಬ್ಯಾಡ. ಹಕ್ಕಿಲ್ಲ ಅಂತಷ್ಟ ಬರಿ."

"ಸಂಬಂಧ ಬರಿಲಿಲ್ಲಂದ್ರ ಹೆಂಗ್ರೀ ಆಕ್ಕೈತಿ? ದಾರ್ಯಾಗ ಹೊಂಟೋರನ್ನ ಹಿಡದು ಹೊಲ ಬಿಡಿಸಿಕೊಂಡಂಗಾತು. ಮನಿಯವರಾಗಿದ್ರಷ್ಟ ಹಕ್ಕು, ಹಕ್ಕಿದ್ರಷ್ಟ ಬಿಡೋದು."

ಶಿದ್ರಾಮಪ್ಪ ನಮ್ಮಿಬ್ಬರನ್ನೂ ನೋಡಲಿಲ್ಲ. ಎದುರಿನ ಝೆರಾಕ್ಸ್ ಅಂಗಡಿಯ ಬೋರ್ಡು ನೋಡುತ್ತ ಹೇಳಿದ: "ನಮ್ಮ ಮನಿತನದಾಕಿ. ಅಣ್ಣತಮ್ಮರ ಪೈಕಿ. ನನಗ ತಂಗಿ ಆಗಬೇಕು."

ಬಾಂಡ್ ರೈಟರ್ ಬರೆದು ಓದಿದ. ಹುನ್ನೂರಿನ ಬಾವಿಮನಿ ಮನೆತನಕ್ಕೆ ಸೇರಿದ, ದುಂಡಪ್ಪನ ಕಿರಿಮಗ ಮುರಗೆಪ್ಪನ ವಂಶದಲ್ಲಿ ಹುಟ್ಟಿದ, ಶಿದ್ರಾಮಪ್ಪನಿಗೆ ಸಂಬಂಧದಲ್ಲಿ ತಂಗಿಯಾಗುವ ಸುವರ್ಣಾ ಎಂಬವಳು ತನ್ನ ಸ್ವಸಂತೋಷದಿಂದ ಎಲ್ಲ ಹಕ್ಕನ್ನು ಬಿಟ್ಟಿರುತ್ತಾಳೆ, ಎಂದು. ಸುವರ್ಣಾ, "ಇನ್ನೊಮ್ಮಿ ಓದ್ರಿ" ಎಂದಳು. ಅವನು ಲೆಕ್ಕದಲ್ಲಿ ಏನೋ ತಪ್ಪಾಗಿದೆ ಎಂದುಕೊಂಡು ಸರ್ವೇ ನಂಬರಿನಿಂದ ಓದತೊಡಗಿದ. "ಅದಲ್ರಿ, ಮ್ಯಾಲಿಂದು" ಎಂದಳು. ಓದಿದ. ಅವಳು ಕಣ್ಣುಮುಚ್ಚಿ ಕೇಳಿ, ಸಹಿ ಹಾಕಿದಳು. ತನಗೊಂದು ಝೆರಾಕ್ಸ್ ಬೇಕೆಂದು ಕೇಳಿದಾಗ ಶಿದ್ರಾಮಪ್ಪ, "ನಿನಗ್ಯಾಕ ಅದು?" ಎಂದು ಪತ್ರವನ್ನು ಮಡಚಿ ಅಂಗಿಯ ಒಳಗಿಸೆಯಲ್ಲಿ ಇಟ್ಟುಕೊಂಡುಬಿಟ್ಟ. ಆ ಹೊತ್ತಿಗೆ ನನ್ನ ಕೈಯಲ್ಲಿ ಸಾಲಿಯ ಬೆತ್ತ ಇದ್ದಿದ್ದರೆ ಏನು ಮಾಡುತ್ತಿದ್ದೆನೋ.

ಆದರೆ ಕೊಟ್ಟ ಮಾತಿನಂತೆ ಹಾಲೇಶನನ್ನು ಕರೆಸಿದ. ಒಂದು ಸೋಮವಾರ ಮುಂಜಾನೆ ಬಾವಿಮನಿಯ ಪಡಸಾಲೆಯಲ್ಲಿ ಕಂಬಳಿ ಹಾಸಿ ಹಾಲೇಶನನ್ನು ಕೂಡಿಸಿದ್ದರು. ಅವನ ಎದುರಿಗೆ ಶಿದ್ರಾಮಪ್ಪ, ಗೋಡೆಗೆ ಆತುಕೊಂಡು ಶಂಕ್ರೆವ್ವ, ಬಾಗಿಲ ಹತ್ತಿರ ನಾವಿಬ್ಬರು. ಸುವರ್ಣಾ ಬರುವಾಗ ದಾರಿಯಲ್ಲಿ ನೀರು ಕೂಡ ಕುಡಿದಿರಲಿಲ್ಲ. ಹಾಲೇಶ ಘಂಟೆ ಬಾರಿಸಿ, ಮೂಲದಿಂದ ಶುರುಮಾಡಿದ. ಯಾವ ಊರಿನಿಂದ ಎದ್ದು ಬಂದರು, ಯಾವ ಬಾವಿ ತೋಡಿಸಿದರು, ಯಾರಿಗೆ ಯಾರು ಹುಟ್ಟಿದರು. ಒಂದೊಂದು ಹೆಸರಿಗೆ ಶಿದ್ರಾಮಪ್ಪ ಗಟ್ಟಿಯಾಗಿ "ಹೌದು" ಎನ್ನುತ್ತಿದ್ದ. ದುಂಡಪ್ಪ ಬಂದ. "ಹೌದು." ದುಂಡಪ್ಪನ ಹಿರಿಮಗ ಬಂದ. "ಹೌದು."

ಹಾಲೇಶ ಒಂದು ಗುಕ್ಕು ನೀರು ಕುಡಿದ.

"ದುಂಡಪ್ಪನ ಕಿರಿಮಗ ಮುರಗೆಪ್ಪ. ದೊಡ್ಡ ಬರದಾಗ ಅಪ್ಪ ಒಯ್ದು ಮಿಶನ್ನಿನ ಬಾಗಿಲಾಗ ಬಿಟ್ಟುಬಂದ. ಬದುಕಿದ."

ಶಿದ್ರಾಮಪ್ಪನ ಹೌದು ಬರಲಿಲ್ಲ. ಹಾಲೇಶ ಮತ್ತೊಮ್ಮೆ ಹೇಳಿದ.

"ಅನ್ನೋ ಶಿದ್ರಾಮ" ಎಂದಳು ಶಂಕ್ರೆವ್ವ.

ಅವನು ಒಮ್ಮೆಲೇ ಸುವರ್ಣಾಳ ಕಡೆ ತಿರುಗಿದ. ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿ ನನಗೇ ಗಾಬರಿಯಾಯಿತು.

"ಹೊಲ ಬೇಕಾದ್ರ ತಗೋ ತಂಗಿ. ಬಾವಿ ಮಗ್ಗಲಿಂದು ಒಂದೆಕರೆ ಬರದುಕೊಡ್ತೀನಿ, ಇವತ್ತ ಕೊಡ್ತೀನಿ. ಅದೊಂದು ಹೌದು ಅನ್ನಸಬ್ಯಾಡ. ಹೆತ್ತ ಕೂಸಿನ್ನ ಬಿಟ್ಟುಬಂದು, ಮಣ್ಣು ಮಾಡಿ ಬಂದ್ನಿ ಅಂತ ಹೇಣ್ತಿಗೆ ಸುಳ್ಳು ಹೇಳಿದ್ನಲ್ಲ ದುಂಡಪ್ಪ, ಅವನ ಹೊಟ್ಯಾಗ ಹುಟ್ಟಿದೋರು ನಾವು ಅಂತ ನನ್ನ ಬಾಯಿಲೆ ಹೆಂಗ ಅನ್ಲಿ?"

ಅಂದರೆ ಹೊಲದ ಮಾತೆಲ್ಲ ನೆವ. ನಾನು ಅವನನ್ನು ಇಷ್ಟು ದಿನ ಬೈದದ್ದೆಲ್ಲ ಬೇರೆ ಯಾರನ್ನೋ ಬೈದಂತಾಯಿತು.

ಸುವರ್ಣಾಳೂ ಅಳುತ್ತಿದ್ದಳು. ಆದರೆ ಅವಳು ದವಾಖಾನೆಯಲ್ಲಿ ಎಷ್ಟು ಸಾವು, ಎಷ್ಟು ಹುಟ್ಟು ಕಂಡವಳು. ದನಿ ನಡುಗಲಿಲ್ಲ.

"ನಾವು ಅಂತೀಯಲ್ಲಣ್ಣ, ಅದರಾಗ ನಾನೂ ಅದೀನಿ. ಅವ ಬಿಟ್ಟ ಕೂಸಿನ ಹೊಟ್ಯಾಗ ಹುಟ್ಟಿದಾಕಿ ನಾ. ನಿನಕಿಂತ ನನಗ ಹೆಚ್ಚು ಉರೀತೈತಿ. ಆದ್ರೂ ಅನ್ನಾಕ ಬಂದೀನಿ." ಹಾಲೇಶನ ಕಡೆ ತಿರುಗಿ, "ಹೌದು" ಎಂದಳು.

ಹಾಲೇಶ ಇಕ್ಕಟ್ಟಿಗೆ ಸಿಕ್ಕ. "ತಪ್ಪು ತಿಳೀಬ್ಯಾಡವ್ವ. ಅದನ್ನ ಮನಿಯವರು ಅನ್ನಬೇಕು."

"ನಾ ಮನಿಯಾಕಿ ಅಂತ ಕೋರ್ಟಿನ ಮುಂದ ಬರಸ್ಯಾನ ನಮ್ಮಣ್ಣ. ಕೇಳ್ರಿ ಅವನ್ನ." ಸುವರ್ಣಾ ಶಿದ್ರಾಮಪ್ಪನ ಮುಖವನ್ನೇ ನೋಡಿದಳು. "ಹೊಲ ಬಿಡಾಕ ನಾ ಈ ಮನಿಯಾಕಿ. ಹೌದು ಅನ್ನಾಕ ಅಲ್ಲೇನು?"

ಹಾಲೇಶ ಶಿದ್ರಾಮಪ್ಪನನ್ನು ನೋಡುತ್ತ ಕಾಯ್ದ. ಶಂಕ್ರೆವ್ವ ಮಬ್ಬುಗಣ್ಣಿನಿಂದ ಮಗನಿದ್ದ ಕಡೆ ಮುಖ ಮಾಡಿ ಕಾಯ್ದಳು. ಶಿದ್ರಾಮಪ್ಪ ಹೌದೆನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಧೋತರ ಎತ್ತಿ ಹಿಡಿದು ಎದ್ದ. ನಮ್ಮ ಮಗ್ಗುಲಿನಿಂದ ಹಾದು ಹೊರಗೆ ಹೋಗಿ, ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತ.

ಹಾಲೇಶ ಸ್ವಲ್ಪ ಹೊತ್ತು ಆ ಬೆನ್ನನ್ನೇ ನೋಡಿದ. ಆಮೇಲೆ ಕಂಬಳಿಯ ಮೇಲೆ ತಿರುಗಿ ಸುವರ್ಣಾಳ ಕಡೆ ಮುಖಮಾಡಿ ಕೂತ.

"ಮುರಗೆಪ್ಪಗ ಮಕ್ಕಳು ಯಾರವ್ವ?" ಎಂದ.

ಕೇಳಿದ್ದು ಅಷ್ಟೇ, ಅವಳ ಹೌದಿಗೆ ಮುಂದಿನ ಹೆಸರು. ಸುವರ್ಣಾಳ ಬಾಯಿ ತೆರೆಯಿತು, ಮುಚ್ಚಿತು. ನಾನು ಅವಳ ಭುಜ ಹಿಡಿದು ಅಲುಗಾಡಿಸಿ, "ಹೇಳ ನಮ್ಮವ್ವ" ಎಂದೆ. ಅವಳು ಎದ್ದು ನಿಂತಳು. ಹೊರಗೆ ಕಟ್ಟೆಯ ಮೇಲೆ ಕೂತವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ಮುರಗೆಪ್ಪನ ಮಗ ಸತ್ಯಪ್ಪ. ಸತ್ಯಪ್ಪನ ಮಗ ದಾನಪ್ಪ. ದಾನಪ್ಪ ಬಾವಿಮನಿ, ಹುನ್ನೂರ."